ಕ್ಯಾಪ್ ಕೊಳೆಯುವುದಿಲ್ಲ, ಅದರ ಅಡಿಯ ಹಲ್ಲು ಕೊಳೆಯುತ್ತದೆ

ಹುತ್ತರಿಯ ರಾತ್ರಿ. ಕದಿರು ಮನೆಗೆ ಬಂದಾಗಿತ್ತು. ತಂಬಿಟ್ಟಿಗೆ ತುಪ್ಪ ಹಾಕಿಕೊಂಡು ಎರಡನೆಯ ತುತ್ತು ಬಾಯಿಗಿಟ್ಟಿದ್ದೆ. ಕಲ್ಲು ಸಿಕ್ಕಿತೆಂದುಕೊಂಡು ಉಗಿದು ನೋಡಿದರೆ ಅಂಗೈಯಲ್ಲಿ ನನ್ನದೇ ಹಲ್ಲಿನ ಕ್ಯಾಪ್. ಎಡಗಡೆಯ ಕೆಳದವಡೆ ಹಲ್ಲಿಗೆ ಒಂಬತ್ತು ವರ್ಷದ ಹಿಂದೆ ಹಾಕಿಸಿದ್ದು. ದೀಪಕ್ಕೆ ಹಿಡಿದೆ. ಹೊರಮೈ ಹಾಕಿಸಿದ ದಿನದಂತೆಯೇ ಮಿನುಗುತ್ತಿತ್ತು, ಒಂದು ಗೀರೂ ಇರಲಿಲ್ಲ. ತಿರುಗಿಸಿದರೆ ಒಳಗೆ ಕಪ್ಪಗೆ, ಮೆತ್ತಗೆ ಏನೋ ಅಂಟಿಕೊಂಡಿತ್ತು. ಅದರ ವಾಸನೆ ಈಗಲೂ ನೆನಪಿದೆ. ಎರಡು ದಿನ ಬಿಟ್ಟು ವೈದ್ಯರು ಕನ್ನಡಿ ಹಿಡಿದು ತೋರಿಸಿದರು. ಕ್ಯಾಪ್ ಕೂತಿದ್ದ ಹಲ್ಲು ಮಳೆಯಲ್ಲಿ ನೆನೆದ ಕಟ್ಟಿಗೆಯಂತೆ ಉದುರಿ ವಸಡಿನ ಮಟ್ಟಕ್ಕೆ ಇಳಿದಿತ್ತು. ಕೀಳದೆ ಬೇರೆ ದಾರಿ ಇರಲಿಲ್ಲ.

ಆ ಒಂಬತ್ತು ವರ್ಷ ಒಂದು ದಿನವೂ ಅದು ನೋಯಲಿಲ್ಲ. ಕ್ಯಾಪ್ ಹಾಕಿಸಿಯಾಯಿತು, ಇನ್ನು ಆ ಹಲ್ಲಿಗೆ ಹುಳುಕಿನ ಭಯವಿಲ್ಲ ಎಂದು ನಂಬಿದ್ದೆ. ನನ್ನಂತೆ ನಂಬಿರುವವರು ನಮ್ಮೂರಿನಲ್ಲಿ ಬಹಳ ಮಂದಿ ಇದ್ದಾರೆ. ಈಗ ಬಲಗಡೆಯ ಒಂದು ಹಲ್ಲಿಗೆ ಹೊಸ ಕ್ಯಾಪ್ ಬಂದಿದೆ. ಈ ಸಲ ವೈದ್ಯರನ್ನು ಕೂರಿಸಿಕೊಂಡು ಒಂದೊಂದನ್ನೂ ಕೇಳಿ ತಿಳಿದುಕೊಂಡೆ, ಓದಿಯೂ ನೋಡಿದೆ.

ಕೊಡಗಿನ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಈ ವಿಷಯ ಬೇಗ ಮನಸ್ಸಿಗೆ ಹತ್ತುತ್ತದೆ. ಎಷ್ಟು ಮಳೆಗಾಲ ಕಂಡರೂ ಹೆಂಚು ಕೊಳೆಯುವುದಿಲ್ಲ. ಕೊಳೆಯುವುದು ಅದರ ಕೆಳಗಿನ ಪಕಾಸಿ, ರೀಪು. ಅದೂ ಮೊದಲು ಸೂರಿನಂಚಿನಲ್ಲಿ, ನೀರು ಹನಿಹನಿಯಾಗಿ ಒಳಗೆ ಎಳೆದುಕೊಳ್ಳುವ ಜಾಗದಲ್ಲಿ. ಹಲ್ಲಿನ ಕ್ಯಾಪ್ ಕೂಡ ಒಂದು ಹೆಂಚು.

ಕ್ಯಾಪ್ ಅಥವಾ ಕ್ರೌನ್ ಹೊಸ ಹಲ್ಲಲ್ಲ. ಹುಳುಕು ಹಿಡಿದು ರೂಟ್ ಕೆನಾಲ್ (ಒಳಗಿನ ನರ ತೆಗೆದು ತುಂಬುವ ಚಿಕಿತ್ಸೆ) ಮಾಡಿಸಿದ ದವಡೆ ಹಲ್ಲಿನಲ್ಲಿ ನಡುವೆ ಟೊಳ್ಳು, ಸುತ್ತ ತೆಳುವಾದ ಗೋಡೆ ಮಾತ್ರ ಉಳಿದಿರುತ್ತದೆ. ಬಲವಾಗಿ ಕಚ್ಚಿದರೆ ಆ ಗೋಡೆ ಸೀಳುತ್ತದೆ. ಸೀಳು ಬೇರಿನವರೆಗೆ ಇಳಿದರೆ ಹಲ್ಲು ಹೋದ ಹಾಗೆಯೇ. ಅದಕ್ಕಾಗಿ ಹಲ್ಲನ್ನು ಸುತ್ತಲೂ ಒಂದರಿಂದ ಎರಡು ಮಿಲಿಮೀಟರಿನಷ್ಟು ತೇಯ್ದು, ಅಚ್ಚು ತೆಗೆದು, ಲ್ಯಾಬಿನಲ್ಲಿ ಅದೇ ಅಳತೆಗೆ ಕವಚ ಮಾಡಿಸಿ, ಸಿಮೆಂಟ್ ಹಾಕಿ ಕೂರಿಸುತ್ತಾರೆ. ಪೀಪಾಯಿಗೆ ಬಿಗಿದ ಕಬ್ಬಿಣದ ಪಟ್ಟಿಯಂತೆ ಅದು ಒಳಗಿನ ಗೋಡೆಯನ್ನು ಸುತ್ತಲಿಂದ ಹಿಡಿದಿಡುತ್ತದೆ. ಕ್ಯಾಪಿನಲ್ಲಿ ಪೂರ್ತಿ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು, ಬೆಳ್ಳಗಿನ ಜಿರ್ಕೋನಿಯಾದ್ದು ಎಂಬ ಬಗೆಗಳಿವೆ. ಪಿಂಗಾಣಿ ಹೊದಿಸಿದ್ದರಲ್ಲಿ ಚೂರು ಸಿಡಿದು ಒಳಗಿನ ಲೋಹ ಕಾಣಿಸಿಕೊಳ್ಳುವ ಸಂಭವವಿದೆ. ಲೋಹ ಮತ್ತು ಜಿರ್ಕೋನಿಯಾ ಒಡೆಯುವುದು ಅಪರೂಪ. ಬೆಲೆಯ ವ್ಯತ್ಯಾಸ ದೊಡ್ಡದಾದ್ದರಿಂದ ಜನ ಇದನ್ನೇ ಹೆಚ್ಚು ಚರ್ಚಿಸುತ್ತಾರೆ. ಆದರೆ ಕ್ಯಾಪ್ ಎಷ್ಟು ವರ್ಷ ಉಳಿಯುತ್ತದೆ ಎನ್ನುವುದು ಅದರ ಅಂಚನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಎನ್ನುವುದರ ಮೇಲೆಯೇ ಹೆಚ್ಚು ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಆ ಅಂಚನ್ನು ಹತ್ತಿರದಿಂದ ನೋಡೋಣ. ಕ್ಯಾಪ್ ಕೊನೆಯಾಗಿ ನಿಜವಾದ ಹಲ್ಲು ಶುರುವಾಗುವ ಗೆರೆ ಸಾಮಾನ್ಯವಾಗಿ ವಸಡಿನ ಹತ್ತಿರ, ಕೆಲವೊಮ್ಮೆ ವಸಡಿನ ಒಳಗೇ ಇರುತ್ತದೆ. ಎಷ್ಟೇ ಚೆನ್ನಾಗಿ ಮಾಡಿದ ಕ್ಯಾಪ್ ಆದರೂ ಅಲ್ಲಿ ಒಂದು ಸಂದು ಉಳಿದೇ ಉಳಿಯುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗ, ಹೆಚ್ಚುಕಡಿಮೆ ತಲೆಗೂದಲಿನ ದಪ್ಪದ ಸಂದಿದ್ದರೂ ಅದನ್ನು ಒಪ್ಪುವಂಥ ಕೆಲಸವೆಂದೇ ಎಣಿಸುತ್ತಾರೆ. ಆ ಸಂದಿನಲ್ಲಿ ಸಿಮೆಂಟ್ ತುಂಬಿರುತ್ತದೆ. ಹುಳುಕು ತರುವ ಬ್ಯಾಕ್ಟೀರಿಯಾದ ಗಾತ್ರವಾದರೋ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ನಮ್ಮ ಕಣ್ಣಿಗೆ ಕೂದಲೆಳೆಯಂತೆ ಕಾಣುವ ಸಂದು ಅವಕ್ಕೆ ಅಗಲವಾದ ರಸ್ತೆ. ಸಿಮೆಂಟ್ ವರ್ಷಗಳು ಕಳೆದಂತೆ ಸ್ವಲ್ಪಸ್ವಲ್ಪವೇ ಸವೆಯುತ್ತದೆ. ಮೇಲಾಗಿ ಅಲ್ಲಿರುವುದು ಹಲ್ಲಿನ ಗಟ್ಟಿಯಾದ ಹೊರಪದರ ಎನಾಮಲ್ ಅಲ್ಲ. ತೇಯುವಾಗ ಅದು ಬಹುಪಾಲು ಹೋಗಿರುತ್ತದೆ, ಬೇರಿನ ಮೇಲೆ ಮೊದಲಿಗೇ ಇರುವುದಿಲ್ಲ. ಇರುವುದು ಅದಕ್ಕಿಂತ ಮೆದುವಾದ ಡೆಂಟಿನ್. ಹುಳಿಯನ್ನು ಅಳೆಯುವುದು ಪಿಎಚ್ ಅಂಕಿಯಲ್ಲಿ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಎನಾಮಲ್ ಕರಗಲು ಬಾಯಿಯ ಪಿಎಚ್ ಸುಮಾರು 5.5ಕ್ಕೆ ಇಳಿಯಬೇಕು. ಡೆಂಟಿನ್ ಕರಗಲು ಅಷ್ಟು ಹುಳಿಯೂ ಬೇಡ, ಆರರ ಆಸುಪಾಸಿನಲ್ಲಿಯೇ ಅದು ಸೋಲತೊಡಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ರೂಟ್ ಕೆನಾಲ್ ಮಾಡಿದ ಹಲ್ಲಿನಲ್ಲಿ ನರ ಉಳಿದಿರುವುದಿಲ್ಲ. ಹುಳುಕು ಒಳಗೆ ಇಳಿದರೂ ಆ ಹಲ್ಲು ಕೂಗಿ ಹೇಳುವುದಿಲ್ಲ. ತಂಪು ನೀರಿಗೆ ಜುಂ ಎನ್ನುವುದಿಲ್ಲ, ರಾತ್ರಿ ನಿದ್ದೆ ಕೆಡಿಸುವುದಿಲ್ಲ. ಎಕ್ಸ್‌ರೇ ತೆಗೆದರೂ ಲೋಹ ಮತ್ತು ಜಿರ್ಕೋನಿಯಾ ಕಿರಣಗಳನ್ನು ತಡೆಯುವುದರಿಂದ ಕ್ಯಾಪಿನ ಅಡಿ ಏನಾಗಿದೆ ಎಂದು ಕಾಣುವುದಿಲ್ಲ, ಅಂಚಿನ ಸುತ್ತಮುತ್ತ ಮಾತ್ರ ಕಾಣುತ್ತದೆ. ನನ್ನ ಒಂಬತ್ತು ವರ್ಷದ ನಿಶ್ಶಬ್ದಕ್ಕೆ ಕಾರಣ ಇದೇ.

ಇನ್ನು ಕ್ಯಾಪ್ ಹಾಕಿಸಿಕೊಂಡ ದಿನದಿಂದ ಶುರು ಮಾಡೋಣ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಎರಡು ಮೂರು ಗಂಟೆ ತುಟಿ, ನಾಲಿಗೆ, ಕೆನ್ನೆಗೆ ಸ್ಪರ್ಶವೇ ತಿಳಿಯುವುದಿಲ್ಲ. ವಿರಾಜಪೇಟೆಯಲ್ಲಿ ಚಿಕಿತ್ಸೆ ಮುಗಿಸಿ ಬಸ್ ಹತ್ತುವ ಮುಂಚೆ ಒಂದು ಬಿಸಿ ಕಾಫಿ ಕುಡಿಯೋಣ ಎನಿಸುವುದು ಸಹಜ. ಆ ಕಾಫಿ ಬಾಯಿ ಸುಟ್ಟರೂ ಗೊತ್ತಾಗುವುದಿಲ್ಲ, ತಿನ್ನುವಾಗ ಕೆನ್ನೆಯನ್ನೇ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಜೋಮು ಬಿಡುವ ತನಕ ಕಾಯಿರಿ. ಸಿಮೆಂಟ್ ಕೆಲವು ನಿಮಿಷಗಳಲ್ಲಿ ಹಿಡಿದುಕೊಂಡರೂ ಬಹಳ ಕಡೆ ಬಳಸುವ ಗ್ಲಾಸ್ ಅಯೊನೊಮರ್ ಬಗೆಯದ್ದು ಪೂರ್ತಿ ಗಟ್ಟಿಯಾಗಲು ಒಂದು ದಿನವಾದರೂ ಬೇಕು. ಆದ್ದರಿಂದ ಮೊದಲ 24 ಗಂಟೆ ಇನ್ನೊಂದು ಬದಿಯಲ್ಲಿ ಅಗಿಯಿರಿ, ನೂಪುಟ್ಟು, ಗಂಜಿ, ಮೆತ್ತನೆಯ ಅನ್ನದಂಥದ್ದನ್ನು ತಿನ್ನಿ. ವಸಡು ನೋಯುತ್ತಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಎರಡು ಮೂರು ಸಲ ಬಾಯಿ ಮುಕ್ಕಳಿಸಿದರೆ ಸಾಕು. ನರ ಉಳಿದಿರುವ ಹಲ್ಲಿಗೆ ಕ್ಯಾಪ್ ಹಾಕಿದ್ದರೆ ಕೆಲವು ದಿನ, ಕೆಲವರಿಗೆ ಎರಡು ಮೂರು ವಾರ, ಬಿಸಿಗೂ ತಂಪಿಗೂ ಜುಂ ಎನ್ನಬಹುದು. ಅದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿರಬೇಕು. ಹೆಚ್ಚುತ್ತಿದ್ದರೆ, ಅಥವಾ ತಾನಾಗಿಯೇ ರಾತ್ರಿ ಮಿಡಿಯುತ್ತಿದ್ದರೆ ಒಳಗೆ ನರಕ್ಕೆ ಪೆಟ್ಟಾಗಿರಬಹುದು. ತಡಮಾಡದೆ ತೋರಿಸಬೇಕು.

ಲ್ಯಾಬಿನಿಂದ ಕ್ಯಾಪ್ ಬರುವವರೆಗೆ ಹಾಕುವ ತಾತ್ಕಾಲಿಕ ಕ್ಯಾಪಿನ ಬಗ್ಗೆಯೂ ಒಂದು ಮಾತು. ಅದು ಪ್ಲಾಸ್ಟಿಕ್‌ನದು, ಅದರ ಸಿಮೆಂಟ್ ಬೇಕೆಂದೇ ದುರ್ಬಲವಾದದ್ದು. ಬಾಯಲ್ಲಿ ಲವಂಗದ ವಾಸನೆ ಬರುವುದು ಹೆಚ್ಚಾಗಿ ಅದರಿಂದಲೇ. ಅದು ಬಿದ್ದುಹೋದರೆ ನಾಲ್ಕು ದಿನ ತಾನೇ ಎಂದು ಬಿಡಬೇಡಿ. ಪಕ್ಕದ ಹಲ್ಲುಗಳು ಸರಿಯುತ್ತವೆ, ವಸಡು ಮೇಲೇರುತ್ತದೆ, ಅಳತೆಗೆ ಸರಿಯಾಗಿ ಮಾಡಿ ತಂದ ಕ್ಯಾಪ್ ಕೂರದೇ ಹೋಗುತ್ತದೆ.

ಮೊದಲ ವಾರದಲ್ಲಿ ನಾನು ಅನುಭವಿಸಿದ್ದು ಎತ್ತರದ ತೊಂದರೆ. ಕ್ಯಾಪ್ ಕೂರಿಸಿದ ಮೇಲೆ ವೈದ್ಯರು ನೀಲಿ ಬಣ್ಣದ ತೆಳ್ಳನೆಯ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತಾರೆ. ಎಲ್ಲಿ ಎತ್ತರವಿದೆಯೋ ಅಲ್ಲಿ ದಟ್ಟವಾಗಿ ಬಣ್ಣ ಹತ್ತುತ್ತದೆ, ಅಷ್ಟನ್ನು ಉಜ್ಜಿ ತೆಗೆಯುತ್ತಾರೆ. ಬಾಯಿ ಮರಗಟ್ಟಿದ್ದಾಗ ನಾವು ಕಚ್ಚುವ ರೀತಿಯೇ ಬೇರೆಯಾಗಿರುವುದರಿಂದ ಅಲ್ಲಿ ಸರಿ ಎನಿಸಿದ್ದು ಮನೆಗೆ ಬಂದ ಮೇಲೆ ಸರಿಯಿರುವುದಿಲ್ಲ. ಬಾಯಿ ಮುಚ್ಚಿದರೆ ಮೊದಲು ಆ ಹಲ್ಲೇ ತಾಗುತ್ತದೆ, ಮೂರನೆಯ ದಿನಕ್ಕೆ ಮೆತ್ತನೆಯ ಕಡಂಬುಟ್ಟು ಅಗಿದರೂ ನೋವು. ನರ ತೆಗೆದ ಹಲ್ಲು ಹೇಗೆ ನೋಯುತ್ತದೆ ಎಂದು ನನಗೆ ಆಶ್ಚರ್ಯವಾಗಿತ್ತು. ನೋಯುವುದು ಹಲ್ಲಲ್ಲ. ಬೇರನ್ನು ದವಡೆಯ ಮೂಳೆಗೆ ಕಟ್ಟಿಹಾಕಿರುವ ನಾರುಗಳಿವೆ, ಆ ನಾರುಗಳಿಗೆ ಜೀವವಿದೆ. ಕೂದಲೆಳೆಗಿಂತ ತೆಳುವಾದದ್ದು ಹಲ್ಲಿನ ನಡುವೆ ಬಂದರೂ ಅವು ಗುರುತಿಸುತ್ತವೆ. ಪ್ರತಿ ಸಲ ಕಚ್ಚಿದಾಗಲೂ ಪೆಟ್ಟು ಬಿದ್ದು ಬಿದ್ದು ಅವು ನೊಂದುಕೊಳ್ಳುತ್ತವೆ. ಹೊಂದಿಕೊಳ್ಳುತ್ತದೆ ಬಿಡಿ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಎರಡು ದಿನದಲ್ಲಿ ಸರಿಹೋಗದ ಎತ್ತರಕ್ಕೆ ಹೊಂದಿಕೊಳ್ಳಲು ಪ್ರಯತ್ನಿಸಬೇಡಿ. ಹೋಗಿ ಹೇಳಿದರೆ ಉಜ್ಜಿ ಸರಿಮಾಡಲು ಹತ್ತು ನಿಮಿಷ ಸಾಕು, ಇಂಜೆಕ್ಷನ್ನೂ ಬೇಡ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಬ್ರಷ್ ಮೆದುವಾಗಿರಲಿ. ಎಳೆಗಳನ್ನು ಹಲ್ಲಿನ ನೆತ್ತಿಗಲ್ಲ, ವಸಡಿನ ಕಡೆಗೆ ಓರೆಯಾಗಿ ಹಿಡಿದು, ಕ್ಯಾಪ್ ಮುಗಿಯುವ ಗೆರೆಯ ಮೇಲೆ ಸಣ್ಣಗೆ ಆಡಿಸಿ. ಪೇಸ್ಟಿನ ಟ್ಯೂಬಿನ ಹಿಂದೆ ಫ್ಲೋರೈಡ್ ಎಷ್ಟಿದೆ ಎಂದು ಓದಿ, ದೊಡ್ಡವರಿಗೆ 1000ದಿಂದ 1500 ಪಿಪಿಎಂ ಇರುವುದು ಬೇಕು. ಉಜ್ಜಿದ ಮೇಲೆ ನೊರೆ ಉಗಿಯಿರಿ, ಆದರೆ ನೀರು ಹಾಕಿ ಮತ್ತೆಮತ್ತೆ ಮುಕ್ಕಳಿಸಬೇಡಿ. ಆ ಫ್ಲೋರೈಡ್ ಅಂಚಿನಲ್ಲಿ ಉಳಿದಷ್ಟೂ ಡೆಂಟಿನ್‌ಗೆ ರಕ್ಷೆ. ಇದ್ದಿಲು, ಉಪ್ಪು, ಇಟ್ಟಿಗೆಪುಡಿಯಲ್ಲಿ ಹಲ್ಲುಜ್ಜುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವು ಪಿಂಗಾಣಿಯ ಹೊಳಪನ್ನು ತೆಗೆದು ಒರಟು ಮಾಡುತ್ತವೆ, ಕ್ಯಾಪಿನ ಕೆಳಗೆ ತೆರೆದಿರುವ ಬೇರನ್ನು ಕೊರೆಯುತ್ತವೆ. ಕ್ಯಾಪ್ ಇರುವ ಬಾಯಿಗೆ ಅವು ಬೇಡವೇ ಬೇಡ.

ಆದರೆ ಎರಡು ಹಲ್ಲುಗಳ ನಡುವೆ ಬ್ರಷ್ ಹೋಗುವುದಿಲ್ಲ. ನನ್ನ ಹಳೆಯ ಹಲ್ಲು ಕೊಳೆತದ್ದು ಅಲ್ಲಿಂದಲೇ. ಅದಕ್ಕೆ ಫ್ಲಾಸ್ ಎಂಬ ದಾರ ಬರುತ್ತದೆ. ಮಡಿಕೇರಿ, ಗೋಣಿಕೊಪ್ಪಲಿನ ಮೆಡಿಕಲ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಬೆರಳ ತುದಿಯಿಂದ ಮೊಣಕೈಯಷ್ಟು ಉದ್ದ ತೆಗೆದುಕೊಂಡು ಎರಡೂ ನಡುಬೆರಳಿಗೆ ಸುತ್ತಿ, ನಡುವೆ ಒಂದು ಗೇಣಿಗಿಂತ ಕಡಿಮೆ ಬಿಡಿ. ಹಲ್ಲುಗಳ ನಡುವೆ ಗರಗಸ ಎಳೆದಂತೆ ಮೆಲ್ಲನೆ ಇಳಿಸಿ, ಟಪ್ಪೆಂದು ಒತ್ತಿದರೆ ವಸಡು ಕುಯ್ಯುತ್ತದೆ. ಇಳಿದ ಮೇಲೆ ದಾರವನ್ನು ಕ್ಯಾಪಿನ ಮೈಗೆ ಬಾಗಿಸಿ, ಅರ್ಧಚಂದ್ರದಂತೆ ತಬ್ಬಿಸಿ, ವಸಡಿನ ಅಡಿಗೆ ಒಂದಿಷ್ಟು ಇಳಿಸಿ ಮೇಲಕ್ಕೆಳೆಯಿರಿ. ಹೀಗೆ ನಾಲ್ಕೈದು ಸಲ. ಆಮೇಲೆ ಪಕ್ಕದ ಹಲ್ಲಿನ ಮೈಗೆ ಬಾಗಿಸಿ ಮತ್ತೆ ಹಾಗೆಯೇ. ತಾತ್ಕಾಲಿಕ ಕ್ಯಾಪ್ ಇರುವಾಗ ಮಾತ್ರ ದಾರವನ್ನು ಮೇಲಕ್ಕೆ ಎಳೆಯದೆ ಒಂದು ತುದಿ ಬಿಟ್ಟು ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಮೊದಲ ಐದಾರು ದಿನ ದಾರಕ್ಕೆ ರಕ್ತ ಹತ್ತುತ್ತದೆ. ಉರಿದುಕೊಂಡಿರುವ ವಸಡು ಮುಟ್ಟಿದರೆ ರಕ್ತ ಬರುವುದೇ, ಹೆದರಿ ಬಿಡಬಾರದು. ನನಗೆ ಎಂಟನೆಯ ದಿನಕ್ಕೆ ನಿಂತಿತು. ಎರಡು ವಾರ ಕಳೆದರೂ ನಿಲ್ಲದಿದ್ದರೆ ತೋರಿಸಿ, ಅಂಚಿನಲ್ಲಿ ಸಿಮೆಂಟಿನ ಚೂರು ಉಳಿದಿರಬಹುದು. ಹಲ್ಲುಗಳ ನಡುವೆ ಅಗಲವಾದ ಸಂದಿರುವವರಿಗೆ ದಾರಕ್ಕಿಂತ ಬಾಟಲಿ ತೊಳೆಯುವ ಬ್ರಷ್ಷಿನ ಆಕಾರದ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಹೆಚ್ಚು ಅನುಕೂಲ. ಪಿನ್ನು, ಬೆಂಕಿಕಡ್ಡಿ, ಪೊರಕೆಕಡ್ಡಿ ಬೇಡ.

ದಾರ ಒಂದು ಪರೀಕ್ಷೆಯೂ ಹೌದು. ದಿನವೂ ಸಲೀಸಾಗಿ ಬರುತ್ತಿದ್ದದ್ದು ಒಂದೇ ಜಾಗದಲ್ಲಿ ಸಿಕ್ಕಿಕೊಂಡು ಎಳೆ ಬಿಚ್ಚಿ ಬಂದರೆ, ಅಥವಾ ಮೂಸಿದಾಗ ಕೆಟ್ಟ ವಾಸನೆ ಇದ್ದರೆ, ಅಂಚಿನಲ್ಲಿ ಏನೋ ಬದಲಾಗಿದೆ ಎಂದರ್ಥ. ನೋವಿಲ್ಲದ ಹಲ್ಲಿನಿಂದ ನಮಗೆ ಸಿಗುವ ಸುದ್ದಿ ಇಷ್ಟೇ. ಹಳೆಯ ಕ್ಯಾಪಿನ ದಿನಗಳಲ್ಲಿ ಬೆಳಿಗ್ಗೆ ಎದ್ದಾಗ ಎಡಗಡೆ ಒಂದು ಕೆಟ್ಟ ರುಚಿ ಇರುತ್ತಿತ್ತು. ಅದಕ್ಕೆ ಹೊಟ್ಟೆಯೇ ಕಾರಣವೆಂದು ಜೀರಿಗೆ ಕಷಾಯ ಕುಡಿಯುತ್ತಿದ್ದೆ.

ಊಟದ ವಿಚಾರದಲ್ಲಿ ಎಲ್ಲರೂ ಕೇಳುವುದು ಗಟ್ಟಿ ಪದಾರ್ಥದ ಬಗ್ಗೆ. ಕ್ಯಾಪ್ ಗಟ್ಟಿಯಾಗಿ ಕೂತ ಮೇಲೆ ಪಂದಿಕರಿ, ಅಕ್ಕಿರೊಟ್ಟಿ, ಬೈಂಬಳೆ (ಬಿದಿರಿನ ಕಳಲೆ) ಯಾವುದಕ್ಕೂ ಅಡ್ಡಿಯಿಲ್ಲ. ಮಳೆಗಾಲದ ಗದ್ದೆಯ ಏಡಿಯ ಕಾಲನ್ನು, ನಾಟಿ ಕೋಳಿಯ ಮೂಳೆಯನ್ನು, ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ಸಿಪ್ಪೆಯನ್ನು ಆ ಹಲ್ಲಿನಲ್ಲಿ ಒಡೆಯಬೇಡಿ, ಅಷ್ಟೇ. ಒಲೆಯ ಮೇಲೆ ಹೊಗೆಗೆ ಒಣಗಿಸಿದ ಮಾಂಸದ ನಾರು ಕ್ಯಾಪಿನ ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತದೆ, ಆ ರಾತ್ರಿ ದಾರ ಹಾಕದೆ ಮಲಗಬೇಡಿ. ಅಡಿಕೆಯನ್ನು ನಾನು ಪ್ರತ್ಯೇಕವಾಗಿ ಹೇಳುತ್ತೇನೆ. ಅದು ಹಲ್ಲು ಸವೆಸುತ್ತದೆ, ಪಿಂಗಾಣಿ ಸಿಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ತಂಬಾಕು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಕ್ಯಾಪ್ ಹಾಕಿಸಿದ ನೆಪದಲ್ಲಾದರೂ ಬಿಡುವುದು ಒಳ್ಳೆಯದು.

ಆದರೆ ಕ್ಯಾಪಿನ ಅಂಚಿಗೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಅಪಾಯ ತರುವುದು ಗಟ್ಟಿ ಪದಾರ್ಥವಲ್ಲ, ಬೆಲ್ಲದ ಕಾಫಿ. ಕಾಫಿ ಕಪ್ಪಾದದ್ದರಿಂದ ಅಲ್ಲ. ಒಳ್ಳೆಯ ಪಿಂಗಾಣಿಗೆ ಅದರ ಕಲೆ ಅಷ್ಟಾಗಿ ಹತ್ತುವುದಿಲ್ಲ. ಕಲೆ ಹತ್ತುವುದು ಪಕ್ಕದ ನಿಜವಾದ ಹಲ್ಲುಗಳಿಗೆ, ತಾತ್ಕಾಲಿಕ ಕ್ಯಾಪಿಗೆ. ತೊಂದರೆ ಬೆಲ್ಲದ್ದು, ಅದಕ್ಕಿಂತ ಹೆಚ್ಚಾಗಿ ಕುಡಿಯುವ ರೀತಿಯದು. ಕಾಫಿ ಕೊಯ್ಲಿನ ದಿನಗಳಲ್ಲಿ ಫ್ಲಾಸ್ಕ್ ತೋಟಕ್ಕೆ ಹೋಗುತ್ತದೆ, ಬೆಳಗಿನಿಂದ ಸಂಜೆಯವರೆಗೆ ಗುಟುಕು ಗುಟುಕಾಗಿ ನಡೆಯುತ್ತಲೇ ಇರುತ್ತದೆ. ಪ್ರತಿ ಸಿಹಿ ಗುಟುಕಿನ ನಂತರ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತದೆ, ಜೊಲ್ಲು ಅದನ್ನು ತಣಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ಅಷ್ಟರಲ್ಲಿ ಮತ್ತೊಂದು ಗುಟುಕು ಬಂದರೆ ಅಂಚಿನ ಡೆಂಟಿನ್ ದಿನವಿಡೀ ಹುಳಿಯಲ್ಲಿ ನೆನೆದಂತೆಯೇ. ಅದೇ ನಾಲ್ಕು ಲೋಟವನ್ನು ಎರಡು ಹೊತ್ತಿಗೆ ಕೂತು ಕುಡಿದು, ಮೇಲೆ ಒಂದು ಗುಟುಕು ಬರೀ ನೀರು ಆಡಿಸಿ ನುಂಗಿದರೆ ಹಾನಿ ಎಷ್ಟೋ ಕಡಿಮೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಬಾಯಿ ಒಣಗುವವರು, ಸಕ್ಕರೆ ಕಾಯಿಲೆ ಇರುವವರು ಇದನ್ನು ಇನ್ನೂ ಬಿಗಿಯಾಗಿ ಪಾಲಿಸಬೇಕು, ತಣಿಸುವ ಜೊಲ್ಲೇ ಅವರಲ್ಲಿ ಕಡಿಮೆ ಇರಬಹುದು.

ನಿದ್ದೆಯಲ್ಲಿ ಹಲ್ಲು ಕಡಿಯುವವರು ತಮಗೆ ಆ ಅಭ್ಯಾಸವಿದೆ ಎಂದು ಕ್ಯಾಪ್ ಹಾಕಿಸುವ ಮುಂಚೆಯೇ ಹೇಳಿಬಿಡಬೇಕು. ರಾತ್ರಿ ಹಲ್ಲುಗಳ ಮೇಲೆ ಹಾಕಿಕೊಳ್ಳುವ ನೈಟ್ ಗಾರ್ಡ್ ಎಂಬ ಕವಚ ಮಾಡಿಕೊಡುತ್ತಾರೆ.

ಆರು ತಿಂಗಳಿಗೊಮ್ಮೆ ತೋರಿಸುವುದು ನಮ್ಮಲ್ಲಿ ನಡೆಯುವುದೇ ಇಲ್ಲ. ದೂರದ ನೆಪವೂ ಪೂರ್ತಿ ನಿಜವಲ್ಲ. ವಿರಾಜಪೇಟೆಯಲ್ಲಿ 1999ರಿಂದ ದಂತ ವೈದ್ಯಕೀಯ ಕಾಲೇಜೇ ಇದೆ, ಪಟ್ಟಣಗಳಲ್ಲಿ ಕ್ಲಿನಿಕ್‌ಗಳಿವೆ. ವೈದ್ಯರು ಚೂಪಾದ ಸಲಕರಣೆಯಿಂದ ಅಂಚಿನ ಸುತ್ತ ಮುಟ್ಟಿ ನೋಡಿ, ಬೇಕಾದರೆ ಎಕ್ಸ್‌ರೇ ತೆಗೆಯುತ್ತಾರೆ. ಅಂಚಿನಲ್ಲಿ ಆಗತಾನೇ ಶುರುವಾದ ಹುಳುಕು ಸಿಕ್ಕಿದರೆ ಹಲ್ಲು ಉಳಿಯುತ್ತದೆ. ಚೆನ್ನಾಗಿ ನೋಡಿಕೊಂಡ ಕ್ಯಾಪ್ ಹತ್ತರಿಂದ ಹದಿನೈದು ವರ್ಷ ಬಾಳುತ್ತದೆ, ಅದಕ್ಕೂ ಹೆಚ್ಚು ಬಾಳಿದ್ದೂ ಉಂಟು.

ಕ್ಯಾಪ್ ಕಳಚಿಯೇ ಬಂದರೆ? ಮಳೆಗಾಲದಲ್ಲಿ, ಮರ ಬಿದ್ದು ರಸ್ತೆ ಕಟ್ಟಿ, ಕರೆಂಟೂ ಫೋನೂ ಇಲ್ಲದ ದಿನವೇ ಬಂದರೆ? ಮೊದಲು ಅದನ್ನು ಕಳೆದುಕೊಳ್ಳಬೇಡಿ. ಕೆಳಗೆ ಬಟ್ಟಲು ಇಟ್ಟುಕೊಂಡು ತೊಳೆಯಿರಿ, ಸಿಂಕಿನ ತೂತಿಗೆ ಹೋದದ್ದು ವಾಪಸ್ ಬರುವುದಿಲ್ಲ. ಕಾಗದದಲ್ಲಿ ಸುತ್ತಿಡಬೇಡಿ, ಯಾರಾದರೂ ಕಸಕ್ಕೆ ಎಸೆಯುತ್ತಾರೆ. ಮುಚ್ಚಳವಿರುವ ಸಣ್ಣ ಡಬ್ಬಿ ಒಳ್ಳೆಯದು. ಒಳಗಿನ ಹಲ್ಲು ಗಟ್ಟಿಯಾಗಿದ್ದು ಬರೀ ಸಿಮೆಂಟ್ ಬಿಟ್ಟಿದ್ದರೆ ಅದೇ ಕ್ಯಾಪನ್ನು ಮತ್ತೆ ಕೂರಿಸಲು ಆಗುತ್ತದೆ. ಉಳಿದ ಹಲ್ಲನ್ನು ಮೆಲ್ಲನೆ ಬ್ರಷ್ ಮಾಡಿ ಸ್ವಚ್ಛವಾಗಿಡಿ. ಜುಂ ಎನ್ನುತ್ತಿದ್ದರೆ ಹತ್ತಿಗೆ ಒಂದು ಹನಿ ಲವಂಗದೆಣ್ಣೆ ಹಾಕಿ ಹಲ್ಲಿಗೆ ಮಾತ್ರ ಮುಟ್ಟಿಸಿ, ವಸಡಿಗೆ ತಾಗಿದರೆ ಉರಿಯುತ್ತದೆ. ಮೆಡಿಕಲ್ ಅಂಗಡಿಯ ತಾತ್ಕಾಲಿಕ ದಂತ ಸಿಮೆಂಟ್ ಸಿಕ್ಕಿದರೆ ಹಗಲಿನಲ್ಲಿ ಕ್ಯಾಪನ್ನು ಕೂರಿಸಿಕೊಳ್ಳಬಹುದು. ಚಪ್ಪಲಿ, ಪ್ಲಾಸ್ಟಿಕ್ ಅಂಟಿಸುವ ಗೋಂದನ್ನು ಎಂದಿಗೂ ಹಾಕಬೇಡಿ. ಅದು ಬಾಯಿಗೆ ವಿಷ, ಹಲ್ಲನ್ನೂ ಕ್ಯಾಪನ್ನೂ ಮತ್ತೆ ಸರಿಮಾಡಲಾಗದಂತೆ ಕೆಡಿಸುತ್ತದೆ. ಸಡಿಲವಾದ ಕ್ಯಾಪ್ ಇಟ್ಟುಕೊಂಡು ಮಲಗಬೇಡಿ, ನಿದ್ದೆಯಲ್ಲಿ ಶ್ವಾಸನಾಳಕ್ಕೆ ಜಾರಬಹುದು. ನುಂಗಿದರೆ ಸಾಮಾನ್ಯವಾಗಿ ಮಲದಲ್ಲಿ ಹೊರಗೆ ಹೋಗುತ್ತದೆ, ಆದರೂ ವೈದ್ಯರಿಗೆ ತಿಳಿಸಿ. ನುಂಗಿದ ಮೇಲೆ ಕೆಮ್ಮು ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ 108ಕ್ಕೆ ಕರೆ ಮಾಡಬೇಕು. ಕ್ಯಾಪ್ ಇದ್ದೇ ಇದ್ದರೂ ವಸಡು ಉಬ್ಬಿ ಕೀವು ಬಂದರೆ ಅದೇ ದಿನ ತೋರಿಸಿ. ಜ್ವರ ಬಂದು ಕೆನ್ನೆ ಊದಿಕೊಂಡು ನುಂಗಲು ಕಷ್ಟವಾದರೆ ಅದು ಹಲ್ಲಿನ ಕ್ಲಿನಿಕ್ಕಿಗೂ ಕಾಯುವ ವಿಷಯವಲ್ಲ, ನೇರವಾಗಿ ಆಸ್ಪತ್ರೆಗೆ ಹೋಗಿ.

ನಮ್ಮ ಮನೆಯಲ್ಲಿ ಜೂನ್‌ಗೆ ಮುಂಚೆ ಟಾರ್ಚಿನ ಸೆಲ್ಲು, ಮೇಣದಬತ್ತಿ, ಜ್ವರದ ಮಾತ್ರೆ ತಂದಿಡುವ ಪೆಟ್ಟಿಗೆ ಒಂದಿದೆ. ಈ ವರ್ಷ ಅದರಲ್ಲಿ ತಾತ್ಕಾಲಿಕ ಸಿಮೆಂಟಿನ ಒಂದು ಪುಟ್ಟ ಟ್ಯೂಬು, ಲವಂಗದೆಣ್ಣೆಯ ಸೀಸೆ, ಮುಚ್ಚಳ ಬಿಗಿಯಾದ ಒಂದು ಖಾಲಿ ಡಬ್ಬಿ ಸೇರಿವೆ. ಫ್ಲಾಸ್ ಪೆಟ್ಟಿಗೆಯಲ್ಲಿಲ್ಲ. ಅದು ಬಚ್ಚಲಿನ ಕನ್ನಡಿಯ ಪಕ್ಕ, ಬ್ರಷ್ ಇಡುವ ಲೋಟದಲ್ಲಿಯೇ ಇದೆ.